ಮಿಸ್ಟ್

ಮಡಿಕೇರಿ ಬಸ್‌ಸ್ಟ್ಯಾಂಡಿನಲ್ಲಿ ಅರವತ್ತು ರೂಪಾಯಿಗೆ ಕೊಂಡ ಪುಸ್ತಕದಲ್ಲಿ
ಪ್ರತಿ ಪದಕ್ಕೂ ಒಂದು ಉದಾಹರಣೆ ಇತ್ತು.
ರಾಜನ ತೋಟದ ಮಾಲಿ ಪ್ರಾಮಾಣಿಕ.
ನನ್ನ ಚಿಕ್ಕಮ್ಮ ಪಿಟೀಲು ಬಾರಿಸುತ್ತಾಳೆ.
ನನ್ನ ಚಿಕ್ಕಮ್ಮ ಬಾರಿಸಿದ್ದು ನನ್ನನ್ನೇ, ಅದೂ ಕಾಪಿಗಿಡದ ಬರಲಿನಲ್ಲಿ.
ಜಾಕಿನ ಅಡಿಗೆ ಇಡಲು ಪುಸ್ತಕ ಸರಿಯಾದ ದಪ್ಪ.

ನನ್ನ ಇಂಗ್ಲಿಷ್ ಬಂದದ್ದು ಹಿಂದಿನ ಸೀಟಿನಿಂದ.
ಮಾಂದಲಪಟ್ಟಿಗೆ ದಿನಕ್ಕೆ ಮೂರು ಟ್ರಿಪ್ಪು,
ಕೇಳಿಸಿದ್ದನ್ನು ಡೀಸೆಲ್ ಲೆಕ್ಕದ ಪುಸ್ತಕದಲ್ಲಿ, ಕೊನೆಯ ಹಾಳೆಯಿಂದ ಹಿಂದಕ್ಕೆ,
ಕನ್ನಡ ಅಕ್ಷರದಲ್ಲೇ ಬರೆದಿಡುತ್ತೇನೆ.

ಸ್ಲೋ: ಭಯ್ಯಾ, ಸ್ಲೋ ಪ್ಲೀಸ್.
ಆಲ್‌ಮೋಸ್ಟ್: ಆರ್ ವಿ ಆಲ್‌ಮೋಸ್ಟ್ ದೇರ್?
ಹಾಗೆಂದರೆ ನಮ್ಮ ಇನ್ನೇನು. ಉತ್ತರವೂ ಅದೇ,
ಇನ್ನೇನು ಇನ್ನೇನು ಅನ್ನುತ್ತ ಒಂಬತ್ತು ತಿರುವು.
ಲೀಚ್: ಲೀಚ್! ಲೀಚ್!
ಪೂರ್ತಿ ವಾಕ್ಯ ಅಷ್ಟೇ. ಕ್ರಿಯಾಪದ ಕಾಲಿಗೆ ಹತ್ತಿರುತ್ತದೆ,
ಉಪ್ಪಿನ ಬಾಟಲಿ ಹಿಡಿದು ನಾನು ಪೂರ್ಣವಿರಾಮ ಇಡುತ್ತೇನೆ.
ವರ್ತ್: ವಾಸ್ ಇಟ್ ವರ್ತ್ ಇಟ್?
ಗಂಡ ಹೆಂಡತಿಯನ್ನು ಕೇಳಿದ, ಮೇಲೆ ಏನೂ ಕಾಣದ ದಿನ.
ಅವಳು ಉತ್ತರ ಹೇಳಲಿಲ್ಲ, ಹಾಗಾಗಿ
ಅರ್ಥದ ಜಾಗ ಇನ್ನೂ ಖಾಲಿ.

ಮಂಜು ಅಂದರೆ ಮಿಸ್ಟ್ ಎಂದು ಮೊದಲ ವಾರವೇ ಗೊತ್ತಾಗಿತ್ತು.
ಆಮೇಲೆ ಕೇಳಿದ್ದೆಲ್ಲ ಗೊಂದಲ.
ವಿ ಮಿಸ್ಟ್ ಇಟ್, ಅಂದಳು ಒಬ್ಬಳು ಅಂಚಿನಲ್ಲಿ ನಿಂತು.
ಐ ಮಿಸ್ಟ್ ಯು, ಅಂದ ಇನ್ನೊಬ್ಬ, ಫೋನಿಗೆ, ದನಿ ತಗ್ಗಿಸಿ.
ಓಹೋ, ಮಂಜನ್ನು ಕ್ರಿಯಾಪದವಾಗಿಯೂ ಓಡಿಸಬಹುದು:
ನಾವು ಅದನ್ನು ಮಂಜಿಸಿದೆವು. ನಾನು ನಿನ್ನನ್ನು ಮಂಜಿಸಿದೆ.
ಎಂಥ ಒಳ್ಳೆಯ ಭಾಷೆ ಅನಿಸಿತು,
ಎದುರಿಗಿಲ್ಲದವರನ್ನು ಬಿಳಿಯಲ್ಲಿ ಸುತ್ತಿಡುತ್ತದೆ,
ಬಿಸಿಲು ಬಂದರೆ ಅಲ್ಲೇ ನಿಂತಿರುತ್ತಾರೆ ಎಂಬ ಹಾಗೆ.
ಎರಡು ವರ್ಷ ಹಾಗೇ ಬಳಸಿದೆ. ಯಾರೂ ತಪ್ಪು ಹಿಡಿಯಲಿಲ್ಲ,
ಬಾಯಲ್ಲಿ ತಪ್ಪೇ ಇರಲಿಲ್ಲವಲ್ಲ.

ಹಿಡಿದದ್ದು ಪಕ್ಕದ ಮನೆಯ ಪೂವಿ, ಒಂಬತ್ತನೇ ಕ್ಲಾಸು.
ಮಾಮ, ಸ್ಪೆಲಿಂಗ್ ಬೇರೆ, ಎಂದು
ಬಾನೆಟ್ಟಿನ ಇಬ್ಬನಿಯಲ್ಲಿ ಬೆರಳಿಂದ ಎರಡೂ ಬರೆದಳು.
ಒಂದರಲ್ಲಿ ಹಾವಿನಂಥ ಅಕ್ಷರ ಒಂದು, ಇನ್ನೊಂದರಲ್ಲಿ ಜೋಡಿ.
ಎಂಜಿನ್ ಕಾದಂತೆ ಹಾವುಗಳೆಲ್ಲ ಹೋದವು.

ಆ ಜೋಡಿಯನ್ನು ನಾನು ಮುಂಚೆಯೇ ನೋಡಿದ್ದೆ,
ಜೀಪು ತಗೊಳ್ಳುವ ಮೊದಲು, ಗುಡ್ಡ ಜಾರಿದ ಆಗಸ್ಟಿನಲ್ಲಿ,
ಕ್ಯಾಂಪಿನ ಗೋಡೆಗೆ ಅಂಟಿಸಿದ ಪಟ್ಟಿಯ ತಲೆಬರಹದಲ್ಲಿ.
ಏಳನೆಯ ಹೆಸರು ನಮ್ಮ ಜತ್ತಪ್ಪಣ್ಣ.
ಪಕ್ಕದವರು ಓದಿ ಹೇಳಿದರು; ಅರ್ಥ ಯಾರೂ ಹೇಳಬೇಕಾಗಲಿಲ್ಲ,
ಉದಾಹರಣೆ ಕೆಳಗೇ ಇತ್ತು.

ನಾಲ್ಕನೇ ದಿನ ಅಣ್ಣ ಸಿಕ್ಕಿದ, ಸಂಪಾಜೆ ಕಡೆಯ ಕ್ಯಾಂಪಿನಲ್ಲಿ,
ಎರಡನೇ ಸಲ ಚಿತ್ರಾನ್ನಕ್ಕೆ ತಟ್ಟೆ ಹಿಡಿದು.
ಕಾಡಿನೊಳಗೆ ನಡೆದು ಆಚೆ ಇಳಿದಿದ್ದನಂತೆ.
ಕೈಯಲ್ಲಿ ಎಮ್ಮೆಯ ಹಗ್ಗ, ಹಗ್ಗದ ತುದಿಯಲ್ಲಿ ಎಮ್ಮೆ ಇಲ್ಲ.
ಇವತ್ತಿಗೂ ಹೋಂಸ್ಟೇ ಗಿರಾಕಿಗಳ ಮುಂದೆ ಅವನದು ಒಂದೇ ಇಂಗ್ಲಿಷ್:
ಐ ವಾಸ್ ಮಿಸ್ಸಿಂಗ್. ಫೋರ್ ಡೇಸ್.
ಆಮೇಲೆ ಫೋಟೋಗೆ ನಿಲ್ಲುತ್ತಾನೆ.
ಅವನ ಗದ್ದೆಯನ್ನು ಯಾರೂ ಪಟ್ಟಿಗೆ ಹಾಕಲಿಲ್ಲ.
ಅದು ಇನ್ನೂ ಸಿಕ್ಕಿಲ್ಲ.

ಮೊನ್ನೆ ಭಾನುವಾರ ತುದಿಯಲ್ಲಿ ಮತ್ತೆ ಬೆಳ್ಳಗೆ ಗೋಡೆ.
ಕನ್ನಡಕದ ಹುಡುಗಿ ರೇನ್‌ಕೋಟಿನ ಟೋಪಿ ಸರಿಸಿ
ವಿ ಮಿಸ್ಟ್ ಇಟ್ ಅಂದಳು, ತಪ್ಪು ನನ್ನದು ಎಂಬ ಹಾಗೆ.
ಯಾವ ಮಿಸ್ಟ್ ಎಂದು ಈಗ ನನಗೆ ಗೊತ್ತು. ಆದರೂ ಬಾಯಿಗೆ ಬಂದದ್ದು,
ನೋ ಮೇಡಂ. ಇಟ್ ಮಿಸ್ಟ್ ಅಸ್.

ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ ಕನ್ನಡಕ ಒರೆಸಿಕೊಂಡು,
ಸೇ ಇಟ್ ಅಗೇನ್, ಎಂದು ಫೋನು ತೆಗೆದು
ಎರಡು ಹೆಬ್ಬೆರಳಲ್ಲಿ ನನ್ನ ವಾಕ್ಯ ಬರೆದುಕೊಂಡಳು.
ಯಾವ ಸ್ಪೆಲಿಂಗ್ ಹಾಕಿದಳೋ, ನಾನು ಬಗ್ಗಿ ನೋಡಲಿಲ್ಲ.
ಎಣಿಸಿದೆ, ಎಂಟು ಜನ, ಎಲ್ಲರೂ ಇದ್ದರು.
ಫೋರ್‌ವೀಲ್ ಹಾಕಿ ಇಳಿಸತೊಡಗಿದೆ.
ಸ್ಲೋ ಪ್ಲೀಸ್, ಅಂದಿತು ಹಿಂದಿನ ಸೀಟು.