ಹನ್ನೊಂದನೇ ಮಾರು

ಅಪ್ಪ ಬಾವಿಗಿಳಿಯುವ ಮೊದಲು
ಕಂದೀಲು ಇಳಿಸುತ್ತಿದ್ದ.
ಹಗ್ಗವನ್ನು ಮಾರು ಹಾಕಿ ಬಿಡುತ್ತ
ಒಂದು, ಎರಡು, ಮೂರು...
ಕಟ್ಟೆಗೆ ಎದೆಯಾನಿಸಿ ನಾನೂ ಎಣಿಸುತ್ತಿದ್ದೆ.

ಐಮಂಗಲದ ಹಳೇ ಬಾವಿಯಲ್ಲಿ
ಹನ್ನೊಂದಕ್ಕೆ ದೀಪ ಹೋಯಿತು.
ಗಾಳಿ ಬೀಸಿ ಆರಿದ್ದಲ್ಲ,
ಗಾಳಿಯೇ ಇಲ್ಲದೆ.
ಮೊದಲು ಕುಗ್ಗಿ ನೀಲಿಯಾಯಿತು, ಆಮೇಲೆ
ನಾಲಿಗೆ ತುದಿಯಲ್ಲಿದ್ದ ಹೆಸರು ಮರೆತ ಹಾಗೆ
ಇಲ್ಲ.

‘ಕೆಟ್ಟುಸ್ರು ಕುಂತೈತೆ’ ಅಂದ,
ಒಳಗೆ ಯಾರೋ ನೆಂಟರು ಬಂದು ಕೂತಿದ್ದಾರೆ
ಅನ್ನುವ ದನಿಯಲ್ಲಿ.
ಬೇವಿನ ಸೊಪ್ಪಿನ ಹೊರೆ ಹಗ್ಗಕ್ಕೆ ಬಿಗಿದು
ಮೇಲೆ ಕೆಳಗೆ ಮೇಲೆ ಕೆಳಗೆ
ಬಿಸಿಲು ನೆತ್ತಿ ದಾಟುವ ತನಕ ಸೇದಿದ.
ಬಾವಿಗೆ ಉಸಿರಾಡಲು ಕಲಿಸಿದ.

ಸಣ್ಣೋಬಳ ಕಾಯಲಿಲ್ಲ.
ಬಿದ್ದ ಕೊಡ ತರಲು, ಬರೀ ಒಂದು ಕೊಡ,
ಸೇದುತ್ತಿದ್ದ ಬೀಡಿ ಕಟ್ಟೆಯ ಮೇಲಿಟ್ಟು ಇಳಿದ.
ಅವನಿಗಿಂತ ಹೆಚ್ಚು ಹೊತ್ತು
ಬೀಡಿ ಉರಿಯಿತು.

ಅಪ್ಪ ಒಮ್ಮೆ ಅಲ್ಲಿಗೆ ಹೋಗಿ ಬಂದವನು.
ಹೇಗಿತ್ತು ಅಂದರೆ
‘ನಿದ್ದೆ ಬಂದಂಗಾತು. ಹೆದ್ರಿಕೇನೇ ಇರ್ಲಿಲ್ಲ ಕಣವ್ವ.
ಅದೇ ಈಗ ಹೆದ್ರಿಕೆ.’

ನಿನ್ನೆ ಬರುವಾಗ, ಇನ್ನೂ ಬೆಳಕು ಹರಿದಿಲ್ಲ,
ಬಸ್ಸು ಕೆಟ್ಟು ಕೆರೆ ಏರಿಯ ಮೇಲೆ ನಿಂತಿತು.
ಮೂರು ದಿನದ ಮೋಡ, ಹಸಿರು ಕಟ್ಟಿದ ನೀರು.
ಮೀನೆಲ್ಲ ಮೇಲೆ ಬಂದು ಬಾಯಿ ತೆರೆದಿದ್ದವು.
ಕಂಡಕ್ಟರು ಮಂಡಕ್ಕಿ ಎಸೆದ.
ಒಂದೂ ಮುಟ್ಟಲಿಲ್ಲ.
ಹಸಿದು ತೆರೆದ ಬಾಯಲ್ಲ ಅವು.

ದುರ್ಗದ ದೊಡ್ಡಾಸ್ಪತ್ರೆ, ಬಾಗಿಲ ಪಕ್ಕದ ಮಂಚ.
ನಲವತ್ತು ವರ್ಷ ಕಲ್ಲಿನ ಹುಡಿ ಕುಡಿದ ಎದೆ
ತಿದಿಯ ಹಾಗೆ ಏಳುತ್ತದೆ, ಬೀಳುತ್ತದೆ.
ಬೆರಳಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದು,
ಒಳಗೆ ಕೆಂಪು ದೀಪ.
ಎಂಬತ್ತೇಳು. ಎಂಬತ್ತಾರು.
ನರ್ಸು ಪಾಲಮ್ಮ ಸಿಲಿಂಡರಿನ ಕಿವಿ ತಿರುವಿ
ಗುಂಡು ಏರಿತಾ ಎಂದು ಬಗ್ಗಿ ನೋಡುತ್ತಾಳೆ.
ಅಪ್ಪನ ಉಗುರು ನೀಲಿ. ಆ ನೀಲಿ ನನಗೆ ಗೊತ್ತು.
ಕಂದೀಲನ್ನು ಈ ಸಲ
ಅವನೊಳಗೇ ಇಳಿಬಿಟ್ಟಿದ್ದಾರೆ.

ರಾತ್ರಿ ಮುಖವಾಡ ಸರಿಸಿ ಕೇಳಿದ:
‘ಎಷ್ಟನೇ ಮಾರು?’
‘ಒಂಬತ್ತು’ ಅಂದೆ.
ಸುಳ್ಳು ಅಂತ ಇಬ್ಬರಿಗೂ ಗೊತ್ತು,
ಎಣಿಸಲು ಕಲಿಸಿದವನು ಅವನೇ.
‘ದೀಪ ಉರೀತೈತಾ?’
ಬೆರಳಿನ ಕೆಂಪು ನೋಡಿದೆ.
‘ಉರೀತೈತಪ್ಪ.’
‘ಹಂಗಾರೆ’ ಅಂದ, ಮಾತಿಗೊಂದು ಉಸಿರು ಕೂಡಿಸಿಕೊಂಡು,
‘ಇನ್ನೊಂದು ಮಾರು... ಬಿಡು.’

ನನ್ನ ಕೈಯಲ್ಲಿ ಹಗ್ಗವಿರಲಿಲ್ಲ.
ಆದರೂ ಮುಷ್ಟಿ ಬಿಗಿಯಾಯಿತು.