ಒಳಮಗ್ಗುಲ ಚೀಟಿ

ಸಾಂಬ್ರಾದಾಗ ವಿಮಾನದ ಬಯಲಿಗೆ ಬೆನ್ನು ಹಚ್ಚಿ ನಮ್ಮ ಸಾಲಿ.
ಚೌಗುಲೆ ಮಾಸ್ತರು ಸರ್ಕಾರಿ ನಮೂನೆ ತುಂಬಿದರು:
ಹೆಸರು, ಅಪ್ಪನ ಹೆಸರು, ಮೈಮೇಲಿನ ಮಚ್ಚೆ,
ಚಾದರ ಒಂದು, ತಾಟು ಒಂದು.
ಬಸ್ಸು ನಸುಕಿನ ಐದಕ್ಕೆ, ಗೋಕಾಕದ ಕಡೆ.

ಭರಮು ಕೇಳಿದ:
"ಸರ, ಅವ್ವನ್ನ ಯಾವ ಖಾನೆದಾಗ ಬರೀತೀರಿ?"
ಮಾಸ್ತರು ಪೆನ್ನಿನ ಟೊಪ್ಪಿಗೆ ಹುಡುಕಿದರು,
ಭಾಳ ಹೊತ್ತು.

ಆ ರಾತ್ರಿ ಕಿಟಕಿಗೆ ಕರಿ ಕಾಗದ.
ಅವ್ವ ಕತ್ತಲದಾಗ ಕೈ ತಡವಿ
ಅಂಗಿಯ ಒಳಮಗ್ಗುಲಿಗೆ ಚೀಟಿ ಹೊಲಿದಳು.

ಬಸ್ಸು ಬರಲಿಲ್ಲ. ಯುದ್ಧವೇ ಮುಗಿಯಿತಂತೆ;
ನಾವು ಪೇಢೆ ತಿಂದೆವು.

ತಮ್ಮನ ಅಂಗಿ ಆಮೇಲೆ
ಕಂದೀಲಿನ ಗಾಜು ಒರೆಸುವ ಅರಿವೆ.
ಒಗೆದೂ ಒಗೆದೂ ಚೀಟಿ ಕರಗಿತ್ತು.
ಬೆರಳಿಗೆ ತಾಗುತ್ತಿದ್ದುದು ಗಟ್ಟಿ ಹೊಲಿಗೆಯ ಒಂದು ಚೌಕ,
ಒಳಗೆ ಯಾರೂ ಇಲ್ಲ.

"ಬಿಚ್ಚಬ್ಯಾಡ" ಅಂದಳು ಅವ್ವ. "ಇರ್ಲಿ."