ಕೆಂಪು ನಲ್ಲಿಯ ತಣ್ಣೀರು

ಜೂನ್ ಬಂದರೆ ಮನಾಮದಲ್ಲಿ
ನಲ್ಲಿಗಳ ಬುದ್ಧಿ ತಿರುಗುತ್ತದೆ.
ತಾರಸಿಯ ಟ್ಯಾಂಕಿನಲ್ಲಿ ಹಗಲೆಲ್ಲ ಬೆಂದ ನೀರು
ನೀಲಿ ಗುರುತಿನಿಂದ ಸುಡುಸುಡು ಇಳಿಯುತ್ತದೆ.
ಸ್ವಿಚ್ಚು ಆರಿಸಿದ ಗೀಸರಿನ ಹೊಟ್ಟೆಯಲ್ಲಿ
ರಾತ್ರಿಯಿಡೀ ಆರಿದ್ದು
ಕೆಂಪಿನಿಂದ, ತಣ್ಣಗೆ.
ಈ ಕಟ್ಟಡದಲ್ಲಿ ಮೂವತ್ತಾರು ಮನೆ.
ಹೊಸಬರೂ ಎರಡನೇ ದಿನಕ್ಕೆ ಕಲಿಯುತ್ತಾರೆ,
ಒಮ್ಮೆ ಕೈ ಸುಟ್ಟರೆ ಸಾಕು.

ನನ್ನ ಕಾರ್ಡಿನಲ್ಲಿದೆ: ವೆಲ್ಡಿಂಗ್ ಇನ್‌ಸ್ಪೆಕ್ಟರ್.
ನಿತ್ಯಾನಂದನ ಕಾರ್ಡಿನಲ್ಲಿ: ಅವಲಂಬಿತ.
ಯಾರನ್ನು ಎಂಬ ಜಾಗದಲ್ಲಿ ನನ್ನ ಹೆಸರು.
ಅದನ್ನವನು ಪರ್ಸಿನಲ್ಲಿ ಬೋರಲು ಇಡುತ್ತಾನೆ.

ಹಡಗು ರಿಪೇರಿಯ ಯಾರ್ಡಿನಲ್ಲಿ
ಹೆಂಗಸಿನ ಅಳತೆಯ ಸೇಫ್ಟಿ ಶೂ ಇಲ್ಲ.
ನಲವತ್ತರ ಜೋಡಿಗೆ ಹತ್ತಿ ತುರುಕಿ
ಏಳು ವರ್ಷ ಏಣಿ ಹತ್ತಿದ್ದೇನೆ.
ಗಂಗೊಳ್ಳಿಯಲ್ಲಿ ಅಪ್ಪನೂ ಹತ್ತಿ ತುರುಕುತ್ತಿದ್ದ,
ದೋಣಿಯ ಹಲಗೆ ಸಂದಿಗೆ.
ಉಳಿ ಎತ್ತಿ ಕೊಡಲು ನಾನು ಬೇಕು,
ದೋಣಿ ನೀರಿಗಿಳಿಯುವ ದಿನ ಮಾತ್ರ
ದೂರ ನಿಲ್ಲು ಎನ್ನುತ್ತಿದ್ದ.

ಮೀಟಿಂಗಿನಲ್ಲಿ ಚಹದ ಫ್ಲಾಸ್ಕು
ನನ್ನೆದುರಿಗೇ ಬಂದು ನಿಲ್ಲುತ್ತದೆ,
ಯಾರೂ ಸರಿಸಿರುವುದಿಲ್ಲ.
ಮಾರ್ಚ್ ಎಂಟಕ್ಕೆ ಒಂದು ಗುಲಾಬಿ, ಒಂದು ಫೋಟೋ.
ಹೆಂಗಸರ ಶೌಚಾಲಯ ಇರುವುದು ಆಡಳಿತ ಕಟ್ಟಡದಲ್ಲಿ,
ಡಾಕಿನಿಂದ ಒಂಬೈನೂರ ಎಂಬತ್ತು ಹೆಜ್ಜೆ.
ನಲವತ್ತಾರು ಡಿಗ್ರಿಯಲ್ಲಿ ಎಣಿಸಿದ್ದೇನೆ,
ಹನ್ನೊಂದರವರೆಗೆ ನೀರು ಮುಟ್ಟದೆ.
ಮೂರು ಅರ್ಜಿ ಬರೆದೆ, ಹತ್ತಿರದಲ್ಲೊಂದು ಕಟ್ಟಿ ಎಂದು.
ಮೂರನೆಯದಕ್ಕೆ ಉತ್ತರ ಬಂತು:
ಡಿಯರ್ ಸರ್, ಪರಿಶೀಲಿಸುತ್ತೇವೆ.

ಬಂಗುಡೆ ಗಸಿಯ ಘಮ ಲಿಫ್ಟಿನಲ್ಲೇ ಸಿಗುತ್ತದೆ.
ಪ್ರೆಸ್ಸು ಮುಚ್ಚಿ ಬಂದ ನಿತ್ಯನ ಕೈಗೆ
ಈಗ ಮಸಿಯಿಲ್ಲ, ಅರಿಶಿನ.
ಊರಿಗೆ ಗೊತ್ತಿರುವುದು: ಅವನಿಗೆ ಕೆಲಸ, ನನಗೆ ಮನೆ.
ಸಂಜೆ ಮರವಂತೆಯಿಂದ ಅತ್ತೆಯ ವಿಡಿಯೋ ಕಾಲ್ ಬಂದರೆ
ಫೋನು ಗೋಡೆಯ ಕಡೆಗೆ, ಸೌಟು ಬೆನ್ನ ಹಿಂದೆ.
‘ಅದ್ ಎಲ್ಲ್, ಮಾಣಿ?’
‘ಹುಷಾರಿಲ್ಲೆ ಅಮ್ಮ, ಮಲ್ಕಂಡಿತ್.’
ನಮ್ಮ ಕಡೆಯ ಮಾತಿನಲ್ಲಿ ಗಂಡು ‘ಅವ’, ಹೆಣ್ಣು ‘ಅದು’.
ಯಾರ್ಡಿನಲ್ಲಿ ಸರ್, ಊರಿನಲ್ಲಿ ಅದು.

ಹೀಗೆ ಮೂರು ವರ್ಷದಿಂದ ನಾನು ಕಾಯಿಲೆಯವಳು.
ನನ್ನ ಹೆಸರಿನಲ್ಲಿ ಎರಡು ಹರಕೆ, ಒಂದು ತಾಯಿತ,
ಬಂದುಹೋಗುವವರ ಕೈಯಲ್ಲಿ ಕಷಾಯದ ಪುಡಿ.
ಪುಡಿ ಚೆನ್ನಾಗಿದೆ. ಇಬ್ಬರೂ ಕುಡಿಯುತ್ತೇವೆ.

ಒಂದು ದಿನ ಈ ಸುಳ್ಳಿಗಾಗಿ ಅವನನ್ನು ಬೈಯಬೇಕೆಂದು
ಬಾಯಿ ತೆರೆದೆ. ಬಂದದ್ದು:
‘ಗಸಿಗೆ ಉಪ್ಪು ಸಾಲದು.’
ಥೇಟ್ ಅಪ್ಪನ ದನಿ.
ಉಂಡ ತಟ್ಟೆಯೂ ಅಪ್ಪನದರಂತೆ
ಅಲ್ಲೇ ಒಣಗುತ್ತಿತ್ತು,
ಯಾರೋ ಬಂದು ಎತ್ತುವರೆಂಬ ಧೈರ್ಯದಲ್ಲಿ.
ಎತ್ತಿಕೊಂಡು ಹೋದೆ. ಅವಸರಕ್ಕೆ ನೀಲಿ ತಿರುಗಿಸಿ
ಕೈ ಸುಟ್ಟುಕೊಂಡೆ,
ಏಳು ಬೇಸಿಗೆ ಇಲ್ಲಿ ಕಳೆದವಳು.

ನಿನ್ನೆ ದೂಳುಗಾಳಿ ಎದ್ದು ಕ್ರೇನು ನಿಲ್ಲಿಸಿದರು.
ಬೇಗ ಬಂದವಳು ಶೂ ಬಿಚ್ಚದೆ, ಹೆಲ್ಮೆಟ್ಟು ತೆಗೆಯದೆ
ಅಡುಗೆಮನೆಗೆ, ಅಲ್ಲಿಂದ ನೇರ
ಅತ್ತೆಯ ಕಣ್ಣಿಗೆ.
ನಿತ್ಯ ಸೌಟು ಬಚ್ಚಿಡಲಿಲ್ಲ.
ಬಚ್ಚಿಡಲು ಹೊತ್ತು ಸಿಗಲಿಲ್ಲ ಎಂದ ಆಮೇಲೆ;
ಅರ್ಧ ನಂಬಿದ್ದೇನೆ.

‘ಹುಷಾರಾಯ್ತಾ?’
‘ಕೆಲಸದಿಂದ ಬಂದೆ ಅತ್ತೆ. ದಿನಾ ಹೋಗ್ತೇನೆ.’

ಅತ್ತೆ ಕನ್ನಡಕ ಏರಿಸಿದರು.
ನನ್ನ ಶೂ ಅವರಿಗೆ ಕಾಣಿಸುತ್ತಿರಲಿಲ್ಲ,
ಹೆಲ್ಮೆಟ್ಟು ಕಾಣುತ್ತಿತ್ತು, ಅದರ ಮೇಲಿನ ನನ್ನ ಹೆಸರೂ.
ಆ ಕಡೆಯಿಂದ ಬರೀ ಕಡಲು ಕೇಳಿತು.
ನೆಟ್‌ವರ್ಕು ಹೋಯಿತೆಂದೇ ಅಂದುಕೊಂಡೆವು.

ಆಮೇಲೆ, ನನ್ನನ್ನಲ್ಲ, ಅವನನ್ನು ಕೇಳಿದರು:
‘ಗಸಿಗೆ ಹುಳಿ ಎಷ್ಟ್ ಹಾಕ್ದೆ, ಮಾಣಿ?’